ಟೊಮೆಟೊ ಉತ್ತರಕ್ಕೆ ಎಳೆದ ಕೆಂಪು ಗೆರೆ

ಕೋಲಾರದ ಡಿಗ್ರಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಉಪನ್ಯಾಸಕಿ. ಪ್ರತಿ ವರ್ಷ ಮೊದಲ ಸೆಮಿಸ್ಟರ್ ಶುರುವಾದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪಿಯುಸಿಯಲ್ಲಿ ಗೈಡು ಉರು ಹೊಡೆದು ಬಂದ ಮಕ್ಕಳು, ಏನು ಹೇಳಿದರೂ "ಇದು ಇಂಪಾರ್ಟೆಂಟಾ ಮೇಡಂ?" ಎನ್ನುತ್ತವೆ. ಗಿಣಿಪಾಠ ಬಿಡ್ರೋ, ಸ್ವಲ್ಪ ತಲೆ ಓಡಿಸ್ರೋ ಎಂದು ಕಾಲು ಗಂಟೆ ಬೈಯುತ್ತೇನೆ. ಆಮೇಲೆ ಸಿಲಬಸ್ ಮುಗಿಯಲಿಕ್ಕಿಲ್ಲ ಎಂಬ ಭಯಕ್ಕೆ ನಾನೇ ನೋಟ್ಸ್ ಬರೆಸುತ್ತೇನೆ.

ಕಳೆದ ವರ್ಷ ಟೆಸ್ಟಿನಲ್ಲಿ ಪೂರೈಕೆ ನಿಯಮ ಕೇಳಿದ್ದೆ. ಬೆಲೆ ಇಳಿದರೆ ಮಾರುವವರು ಸರಕು ತರುವುದು ಕಡಿಮೆಯಾಗುತ್ತದೆ, ಅಷ್ಟೇ. ಎಲ್ಲರ ಪೇಪರಿನಲ್ಲೂ ನನ್ನದೇ ವಾಕ್ಯ, ನನ್ನದೇ ಅಲ್ಪವಿರಾಮ. ರಾಯಲ್ಪಾಡಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: "ಟೊಮೆಟೊಗೆ ಇದು ಆಗಲ್ಲ. ರೇಟು ಬಿದ್ದರೂ ನಾವು ಕೀಳುತ್ತೇವೆ. ಹಣ್ಣಾದದ್ದನ್ನು ಗಿಡದಲ್ಲೇ ಇಟ್ಟುಕೊಳ್ಳಲು ಆಗಲ್ಲ." ಪೇಪರಿನ ಕಟ್ಟು ಮುಗಿಸುವ ಆತುರ ನನಗೆ. ಉದ್ದಕ್ಕೂ ಕೆಂಪು ಗೆರೆ ಎಳೆದು, ಸೊನ್ನೆ ಹಾಕಿ, 'ನೋಟ್ಸ್ ಓದು' ಎಂದು ಬೇರೆ ಬರೆದೆ. ಪೇಪರ್ ತೆಗೆದುಕೊಂಡವಳು ಅದನ್ನು ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು.

ಒಂದು ವಾರ ಕಳೆದಿರಬೇಕು, ಕಾಲೇಜಿಗೆ ಹೊರಟ ನನ್ನ ಆಟೊ ಟೊಮೆಟೊ ಮಾರುಕಟ್ಟೆಯ ಮುಂದೆ ಸಿಕ್ಕಿಹಾಕಿಕೊಂಡಿತು. ರೇಟು ನೆಲಕಚ್ಚಿದೆ ಎಂದು ಡ್ರೈವರ್ ಗೊಣಗುತ್ತಿದ್ದ. ನೋಡಿದರೆ ಟೊಮೆಟೊ ಗಾಡಿಗಳ ಸಾಲು ಮುಗಿಯುವಂತೆಯೇ ಇಲ್ಲ. ಪಕ್ಕದ ಟೆಂಪೊದಲ್ಲಿದ್ದ ರೈತರೊಬ್ಬರನ್ನು ಕೇಳಿಯೇಬಿಟ್ಟೆ, "ರೇಟಿಲ್ವಲ್ಲ, ಯಾಕ್ ತಂದ್ರಿ?"

"ಏಂ ಚೇಸೇದಮ್ಮಾ! ಹಣ್ಣಾಗೋಗದೆ. ತರ್ದೆ ಇನ್ನೇನ್ ಮಾಡಾಣ?" ಎಂದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ.

ಥೂ, ಇಷ್ಟು ವರ್ಷ ಓದಿದ್ದೇನು ನಾನು! ಕೆಡುವ ಸರಕಿಗೆ ಆ ನಿಯಮ ಹಾಗೆಯೇ ಹೊಂದುವುದಿಲ್ಲ ಎಂದು ಎಂ.ಎ. ಪರೀಕ್ಷೆಯಲ್ಲಿ ನಾನೇ ಪುಟಗಟ್ಟಲೆ ಬರೆದಿದ್ದೆ. ಈ ಹುಡುಗಿ ಅದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು. ಇನ್ನು ಅವಳು ಸ್ವಂತ ಬುದ್ಧಿಯಿಂದ ಒಂದು ಸಾಲೂ ಬರೆಯದೆ ಹೋದರೆ ಆ ಪಾಪ ನನ್ನದೇ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆಟೊ ಬಿಟ್ಟು ನಡೆದೇ ಹೊರಟೆ.

ಹಾಜರಿ ಕೂಡ ಕರೆಯದೆ ಅವಳನ್ನು ಎಬ್ಬಿಸಿದೆ. "ಅವತ್ತಿನ ಟೊಮೆಟೊ ಉತ್ತರ ಹೇಳಮ್ಮ, ಎಲ್ರೂ ಕೇಳ್ಲಿ."

ಅವಳ ಮುಖ ಬಾಡಿತು. "ಸಾರಿ ಮೇಡಂ, ಈಗ ನೋಟ್ಸ್ ಓದಿದೀನಿ" ಎಂದವಳೇ, ನಾನು ತಡೆಯುವಷ್ಟರಲ್ಲಿ ನಿಯಮವನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಒಂದಕ್ಷರ ತಪ್ಪಿರಲಿಲ್ಲ.

"ಅಲ್ಲ ಕಣೇ, ನೀನ್ ಬರೆದಿದ್ದೇ ಸರಿ. ತಪ್ಪು ನಂದು. ಟೊಮೆಟೊಗೆ ಯಾಕೆ ಆಗಲ್ಲ ಅಂತ ನೀನೇ ಹೇಳು."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಕೂತು, ನೋಟ್‌ಬುಕ್ ಬಿಚ್ಚಿ, ಪೆನ್ನಿನ ಕ್ಯಾಪ್ ತೆಗೆದಳು. ಇಡೀ ಕ್ಲಾಸು ಹಾಗೇ ಮಾಡಿತು.

"ಹಂಗಾದ್ರೆ ಅದನ್ನೂ ಬರೆಸ್ಬಿಡಿ ಮೇಡಂ," ಎಂದಳು.