ಬಾಗಿಲಲ್ಲೇ ಉಳಿಯುವ ಚಾಂದ್ ಸಾಬರು

ಚನ್ನಗಿರಿಯಿಂದ ಯಾವ ಅರಮನೆಗೆ ಪ್ರವಾಸ ಹೊರಟರೂ ಟೈಲರ್ ಚಾಂದ್ ಸಾಬರು ಎಲ್ಲರಿಗಿಂತ ಮೊದಲು ಬಸ್ಸು ಹತ್ತುತ್ತಾರೆ, ಆದರೆ ಯಾವ ಅರಮನೆಯ ಒಳಗೂ ಕಾಲಿಡುವುದಿಲ್ಲ. ತೋಟದ ಬಾಗಿಲ ಬಳಿ ಟವೆಲ್ ಹಾಸಿ, ಎಲ್ಲರ ಚಪ್ಪಲಿ, ಚೀಲ, ಬುತ್ತಿಗಳನ್ನು ಸುತ್ತ ಹರಡಿಕೊಂಡು, ಒಡ್ಡೋಲಗದಲ್ಲಿ ಕುಳಿತ ದೊರೆಯ ಹಾಗೆ ಕೂರುತ್ತಾರೆ. “ಚಪ್ಲಿ ಕಾಯಾಕೆ ಇಷ್ಟು ದೂರ ಬರ್ಬೇಕೇನ್ರೀ ಸಾಬ್ರೆ?” ಎಂದು ನೆರೆಮನೆಯ ಸುಂಕಲಮ್ಮ ರೇಗಿಸಿದರೆ, “ರಾಜರಿಗೂ ಬಾಗ್ಲಾಗೆ ಒಬ್ಬ ಬೇಕಲ್ಲಕ್ಕಾ, ನೀವು ನೋಡ್ಕೊಂಡು ಬರ್ರಿ” ಎನ್ನುತ್ತಾರೆ. ಮೊದಲೆಲ್ಲ ಹೆಂಡತಿ ಇಮಾಮ್‌ಬೀ ಒಳಗೆ ಹೋಗಿ ಬಂದು, ಪಕ್ಕದಲ್ಲಿ ಕುಳಿತು, ಕಂಬ, ತೊಟ್ಟಿಲು, ಕನ್ನಡಿ ಒಂದನ್ನೂ ಬಿಡದೆ ವರ್ಣಿಸುತ್ತಿದ್ದಳು. ಸಾಬರಿಗೆ ಅರಮನೆಗಿಂತ ಆ ಮಾತೇ ರುಚಿ. ಆಕೆ ತೀರಿಕೊಂಡ ಮೇಲೆ ಎಲ್ಲರೂ ಅವರ ಮುಂದೆ ಫೋನು ಹಿಡಿಯುತ್ತಾರೆ. “ಫೋಟೋ ಬ್ಯಾಡ, ಬಾಯಾಗೆ ಹೇಳ್ರಿ” ಎಂದರೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ಈ ಸಲ ಬೆಟ್ಟದೂರಿನ ಅರಮನೆಯಿಂದ ಹೊರಬಂದ ಸುಂಕಲಮ್ಮನನ್ನು ಸಾಬರು ಮೆಲ್ಲಗೆ ಕೇಳಿದರು: “ಅಕ್ಕಾ, ಮ್ಯಾಲಿನ ಕಿಟಕಿಯಿಂದ ಏನು ಕಾಣ್ತೈತೆ? ಎಲ್ಲಿಗೆ ಹೋದ್ರೂ ನಮ್ಮಾಕೆ ಮೊದ್ಲು ಅದನ್ನೇ ಹೇಳೋಳು.” ಸುಂಕಲಮ್ಮ ಕಿಟಕಿಯತ್ತ ಹೋಗಿರಲೇ ಇಲ್ಲ. ಸುಳ್ಳು ಹೇಳಲು ಮನಸ್ಸಾಗದೆ, ನೋಯುವ ಮಂಡಿ ಹಿಡಿದುಕೊಂಡು ಮತ್ತೆ ಮೆಟ್ಟಿಲು ಹತ್ತಿ, ಬಗ್ಗಿ ನೋಡಿದಳು. ಕೆಳಗೆ ಗುಲಾಬಿಯ ಸಾಲು, ಅದರಾಚೆ ಗೇಟು. ಗೇಟಿನ ಬಳಿ ಚಾಂದ್ ಸಾಬರು ಕತ್ತೆತ್ತಿ ಇದೇ ಕಿಟಕಿಯನ್ನು ನೋಡುತ್ತ ಕುಳಿತಿದ್ದರು.