ಬೇವೂರಿನ ಗಾಣದ ಕುಸುಬಿ ಎಣ್ಣೆ

ಹುನಗುಂದದಲ್ಲಿ ಖಾನಾವಳಿ ಶುರು ಮಾಡಿದ ದಿನದಿಂದ ನಾನು ಕುಸುಬಿ ಎಣ್ಣೆಯನ್ನೇ ಬಳಸುತ್ತಿದ್ದೆ. ಅದು ಬರುತ್ತಿದ್ದದ್ದು ಬೇವೂರಿನಲ್ಲಿದ್ದ ನನ್ನ ಬಾಲ್ಯದ ಗೆಳತಿಯ ಗಾಣದಿಂದ. ಗಂಡ ತೀರಿಕೊಂಡು ನಾನು ದಿಕ್ಕುಗೆಟ್ಟು ಕೂತಿದ್ದಾಗ, "ಖಾನಾವಳಿ ಇಡು, ಎಣ್ಣಿ ನಾ ಕಳಸ್ತೇನಿ" ಎಂದು ಧೈರ್ಯ ತುಂಬಿದವಳು ಅವಳೇ. ಹೃದಯದ ಆಪರೇಷನ್ ಆಗಿದ್ದ ನಿವೃತ್ತ ಮಾಸ್ತರರೊಬ್ಬರು ಅಡುಗೆಗೆ ಅಪ್ಪಟ ಕುಸುಬಿ ಎಣ್ಣೆಯನ್ನೇ ಹಾಕುತ್ತೇನೆಂಬ ನನ್ನ ಮಾತು ನಂಬಿಯೇ ದಿನಾ ನನ್ನಲ್ಲಿ ಉಣ್ಣುತ್ತಿದ್ದರು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವ್ವ ಎಣ್ಣೆಯ ಡಬ್ಬಿಗೆ ಸೌಟು ಹಾಕಿದಳು. ಸೌಟು ಒಳಗಿಳಿಯಲಿಲ್ಲ. ಎಣ್ಣೆ ತುಪ್ಪದ ಹಾಗೆ ಬೆಳ್ಳಗೆ ಹರಳುಗಟ್ಟಿತ್ತು.

"ಇದು ಕುಸುಬಿ ಎಣ್ಣಿ ಅಲ್ಲ," ಎಂದಳು.

"ಥಂಡಿ ಭಾಳ ಐತಿ, ಅದಕ್ಕ ಹಿಂಗಾಗೈತಿ," ಎಂದೆ.

"ಕೊಬ್ರಿ ಎಣ್ಣಿ ಗಟ್ಟಿ ಆಗತೈತಿ, ಪಾಮ್ ಎಣ್ಣಿ ಆಗತೈತಿ. ಕುಸುಬಿ ನಮ್ಮ ಕಡೆ ಥಂಡಿಗೆಲ್ಲ ಗಟ್ಟಿ ಆಗಂಗಿಲ್ಲ."

ಅವ್ವನ ಮೇಲೆ ಸಿಟ್ಟು ಬಂತು. ಅವಳ ಮಾತು ಸುಳ್ಳೆಂದು ತೋರಿಸಲಿಕ್ಕೇ ಇಳಕಲ್ಲಿಗೆ ಹೋಗಿ, ಎದುರಿಗೆ ನಿಂತು ಕುಸುಬಿಯನ್ನು ಗಾಣಕ್ಕೆ ಹಾಕಿಸಿ, ಒಂದು ಬಾಟಲಿ ತುಂಬಿಸಿ ತಂದೆ. ಡಬ್ಬಿಯ ಎಣ್ಣೆಯನ್ನು ಕರಗಿಸಿ ಇನ್ನೊಂದು ಬಾಟಲಿಗೆ ಹಾಕಿ ಎರಡನ್ನೂ ಹಿತ್ತಲಲ್ಲಿಟ್ಟೆ. ಮರುದಿನ ಬೆಳಿಗ್ಗೆ ಇಳಕಲ್ಲಿನದು ಬಾಟಲಿ ಬಗ್ಗಿಸಿದತ್ತ ಹರಿಯುತ್ತಿತ್ತು. ಬೇವೂರಿನದು ಅರ್ಧಕ್ಕರ್ಧ ಹೆಪ್ಪುಗಟ್ಟಿತ್ತು.

ಎರಡೂ ಬಾಟಲಿ ಹಿಡಿದು ಬಸ್ಸು ಹತ್ತಿದೆ. ಬೇವೂರು ಮುಟ್ಟುವಷ್ಟರಲ್ಲಿ ಬಿಸಿಲೇರಿ, ಎರಡೂ ಎಣ್ಣೆ ಒಂದೇ ತರಹ ತಿಳಿಯಾಗಿದ್ದವು. ಗೆಳತಿ ಬಾಟಲಿಗಳನ್ನು ಬೆಳಕಿಗೆ ಹಿಡಿದು ನಕ್ಕಳು.

"ಎಲ್ಲಿ ಗಟ್ಟಿ ಆಗೈತಿ? ನಿನಗೇನೋ ಭ್ರಾಂತಿ."

ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಆಮೇಲೆ ಹೇಳಿದೆ: "ಹಂಗಾದ್ರ ಎರಡೂ ನಿಮ್ಮ ಫ್ರಿಜ್‌ನಾಗ ಇಡು. ಒಂದೆರಡು ತಾಸು ನೋಡೂಣು."

ಅವಳ ನಗು ನಿಂತಿತು. ನಾನೇ ಒಳಗೆ ಹೋಗಿ ಇಟ್ಟು ಬಂದೆ. ಅವಳು ಚಹಾ ಮಾಡಿದಳು. ಮಕ್ಕಳ ಸುದ್ದಿ, ಮಳೆಯ ಸುದ್ದಿ ಆಯಿತು. ನಾನು ಫ್ರಿಜ್ಜಿನ ಕಡೆ ಎದ್ದಾಗ ಕೈ ಹಿಡಿದಳು.

"ತಗೀಬ್ಯಾಡ. ಪಾಮ್ ಎಣ್ಣಿ ಕೂಡಿಸೇನಿ. ಈಗ ಕುಸುಬಿ ಬಿತ್ತವ್ರಽ ಕಡಿಮಿ ಆಗ್ಯಾರ. ಎಲ್ಲಾರೂ ಕೂಡಸ್ತಾರ."

"ನಿಮ್ಮನಿ ಅಡಗಿಗೂ ಇದನ್ನಽ ಹಾಕ್ತೀಯೇನು?"

ಅವಳ ಕಣ್ಣು ಒಲೆಯ ಪಕ್ಕ ಬೇರೆಯಾಗಿ ಇಟ್ಟಿದ್ದ ಎಣ್ಣೆಯ ಡಬ್ಬಿಯ ಕಡೆ ಹೋಯಿತು. ನನಗೆ ಕಲಬೆರಕೆಗಿಂತ ಆ ಡಬ್ಬಿಯೇ ಹೆಚ್ಚು ಚುಚ್ಚಿತು. ಕೈ ಬಿಡಿಸಿಕೊಂಡು ಬಂದುಬಿಟ್ಟೆ.

ಮರುದಿನ ಮಾಸ್ತರರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಲಸಿದ್ದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ನಿನ್ನ ಮಾತಿನ ಮ್ಯಾಲೆ ಉಂಡೆನಲ್ಲವ್ವಾ," ಎಂದರು.

ಕೈತೊಳೆದು ಹೋದವರು ಮತ್ತೆ ಬರಲಿಲ್ಲ.