ಮಂಚಕ್ಕೆ ಕಟ್ಟಿದ ಟ್ಯೂಬು

ಇವತ್ತು ಪಂಕ್ಚರ್ ಅಂಗಡಿಯ ಮುಂದೆ ಹಾದು ಬರುವಾಗ ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಟಯರು ನೆನಪಾದೀತು. ನನಗೆ ನೆನಪಾಗುವುದು ಸರೋಜ ಚಿಕ್ಕಮ್ಮನ ಎಡಗಾಲು. ನಗಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಚಿಕ್ಕಮ್ಮ ಆನವಟ್ಟಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಬಸ್ಸಿಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡು, ಶಿಕಾರಿಪುರದ ನಮ್ಮ ಮನೆಯಲ್ಲಿ ಮೂರು ತಿಂಗಳು ಮಲಗಿದ್ದರು. ಮೂಳೆಯೇನೋ ಕೂಡಿತು. ಆದರೆ ಕಾಲು ನುಗ್ಗೆಕಾಯಿಯಂತೆ ಸೊರಗಿ, ಎದ್ದು ನಿಂತರೆ ಕುಸಿಯುತ್ತಿತ್ತು. ನೋಡಲು ಬಂದ ಹೆಡ್‌ಮಾಸ್ತರು, “ಇನ್ನು ನಡೆಯೋದು ಕಷ್ಟ ಬಿಡ್ರೀ. ರಾಜೀನಾಮೆ ಕೊಟ್ಟು ಆರಾಮಾಗಿರಿ” ಎಂದು ಕಾಫಿ ಕುಡಿದು ಹೋದರು.

ಡಿಗ್ರಿ ಓದುತ್ತಿದ್ದ ನನಗೆ ಚಿಕ್ಕಮ್ಮನಿಗೆ ಪೇಪರ್ ಓದಿ ಹೇಳುವ ಕೆಲಸ. ಸಿನಿಮಾ ಪುಟಕ್ಕೆ ಹಾರುವ ಅವಸರದಲ್ಲಿ ಒಂದು ದಿನ ಸಣ್ಣ ಸುದ್ದಿಯೊಂದನ್ನು ಗಡಗಡ ಓದಿದೆ. ರಷ್ಯಾದ ವೈದ್ಯರೊಬ್ಬರು ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಹ್ಯಾಕಾಶದಲ್ಲಿದ್ದು ಭೂಮಿಗಿಳಿದು, ತಾವೇ ನಾಲ್ಕು ಹೆಜ್ಜೆ ನಡೆದಿದ್ದರು.

“ಇನ್ನೊಂದ್ಸಲ ಓದೇ.”

ಓದಿದೆ.

“ಅಲ್ಲಿ ಮೈಗೆ ಭಾರ ಇಲ್ಲ. ಕಾಲಿಗೆ ಕೆಲಸ ಇಲ್ದಿದ್ರೆ ಮೂಳೆ ಸವೀತದೆ, ಮಾಂಸ ಕರಗ್ತದೆ. ಮಂಚದ ಮೇಲೂ ಅದೇ ಕತೆ. ಅವರು ದಿನಾ ರಬ್ಬರ್ ಪಟ್ಟಿ ಎಳೆದು ಕಾಲು ಉಳಿಸ್ಕೊಳ್ತಾರೆ. ಹೋಗು, ಸೈಕಲ್ ಟ್ಯೂಬ್ ತಗೊಂಡ್ ಬಾ.”

ಸೈಕಲ್ ಅಂಗಡಿಯ ಮೆಹಬೂಬ್ ಸಾಬರು, “ಯಾವ ಸೈಕಲ್ಲಿಗಮ್ಮಾ?” ಎಂದರು.

“ಮಂಚಕ್ಕೆ.”

ವಿಷಯ ಕೇಳಿ ಅವರೇ ಬಂದು, ಹಳೆಯ ಟ್ಯೂಬನ್ನು ಮಂಚದ ಕಾಲಿಗೆ ಜಾರದಂತೆ ಕಟ್ಟಿಕೊಟ್ಟರು. ಡಾಕ್ಟರು ಕಾಲು ಮುಟ್ಟಿ ನೋಡಿ, “ನಿಧಾನಕ್ಕೆ ಮಾಡಿ” ಎಂದರು. ಚಿಕ್ಕಮ್ಮನಿಗೆ ನಿಧಾನ ಗೊತ್ತಿದ್ದರಲ್ಲವೇ! ಪಾದಕ್ಕೆ ಟ್ಯೂಬು ಸಿಕ್ಕಿಸಿ ಒದೆಯುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೋಡಲಾರದೆ “ಸಾಕು ಚಿಕ್ಕಮ್ಮ” ಎಂದೆ.

“ಅಳೋದು ನಾನು ಅಳ್ತೀನಿ. ನೀನು ಎಣಿಸು.”

ಎಣಿಸಿದೆ. ಮೊದಲು ಹತ್ತು, ಆಮೇಲೆ ನೂರು. ಗೋಡೆ ಹಿಡಿದು ನಿಂತರು, ಬಚ್ಚಲಿಗೆ ಹೋದರು, ಒಂದು ದಿನ ಬೀದಿಯ ತುದಿ ಮುಟ್ಟಿ ಬಂದರು.

ಶಾಲೆ ಶುರುವಾದ ದಿನ ನಾನೂ ಜೊತೆಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಕುಂಟುತ್ತಲೇ ನಡೆದು ಕ್ಲಾಸಿಗೆ ಬಂದರು. ಹೆಡ್‌ಮಾಸ್ತರು ಗಾಬರಿಯಾಗಿ ಕುರ್ಚಿ ತರಿಸಿದರು.

“ಕೂತ್ಕೊಳ್ಳೋದಾಗಿದ್ರೆ ಮನೇಲೇ ಕೂತಿರ್ತಿದ್ನಲ್ಲ ಸಾರ್,” ಎಂದು ಚಿಕ್ಕಮ್ಮ ಬೋರ್ಡಿನ ಕಡೆ ತಿರುಗಿದರು. ನಿವೃತ್ತಿಯವರೆಗೂ ನಿಂತೇ ಪಾಠ ಮಾಡಿದರು.

ನನಗೂ ಈಗ ಮಂಡಿನೋವು. ಡಾಕ್ಟರು ನಡೆಯಿರಿ ಎಂದಷ್ಟೂ ನಾನು ಆಟೋ ಹುಡುಕುವವಳು. ಈ ಹೊತ್ತು ತಡವಾಗಿ, ಬೆವರಿ ಮನೆ ಸೇರಿದಾಗ ಮಗಳು ಕೇಳಿದಳು: “ಆಟೋ ಸಿಗ್ಲಿಲ್ವೇನಮ್ಮಾ?”

“ಸಿಕ್ಕಿತ್ತು,” ಎಂದೆ. “ಹತ್ತಲಿಲ್ಲ.”